ಸತ್ತ ದನಕ್ಕೆ ಮುತ್ತುತ್ತಿದ್ದ ರಣಹದ್ದು ಎಲ್ಲಿ ಹೋದವು? ಇಂಜೆಕ್ಷನ್, ಇಲಿಪಾಷಾಣ, ಸೀಸ: ಕೊಟ್ಟಿದ್ದು ಒಬ್ಬರಿಗೆ, ಸತ್ತಿದ್ದು ಇನ್ನೊಬ್ಬರು

ಹುಳಿಯಾರು: ಊರಾಚೆಯ ಗುಂಡಿಗೋ ಕೆರೆ ಅಂಗಳಕ್ಕೋ ಸತ್ತ ದನ ಎಳೆದು ಹಾಕಿದರೆ ಈಗ ಮೊದಲು ಬರುವುದು ನಾಯಿ ಹಿಂಡು. ಆಮೇಲೆ ಕಾಗೆ, ಒಂದೆರಡು ಹದ್ದು. ವಾಸನೆ ಮಾತ್ರ ವಾರಗಟ್ಟಲೆ ಬಿಡುವುದಿಲ್ಲ. ಐವತ್ತು ದಾಟಿದವರನ್ನು ಕೇಳಿದರೆ ಬೇರೆಯದೇ ಮಾತು ಬರುತ್ತದೆ. ಬೋಳು ಕತ್ತಿನ ದೊಡ್ಡ ಹದ್ದುಗಳು ಆಕಾಶದಲ್ಲಿ ಸುತ್ತು ಹೊಡೆದು ಇಳಿದವು ಅಂದ್ರೆ ಸಂಜೆಯೊಳಗೆ ಮೂಳೆ ಹಂದರ ಮಾತ್ರ ಉಳಿಯುತ್ತಿತ್ತು ಅನ್ನುತ್ತಾರೆ. ಆ ರಣಹದ್ದುಗಳನ್ನು ಈಗಿನ ಶಾಲಾ ಮಕ್ಕಳು ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ.

ಅವುಗಳನ್ನು ಯಾರೂ ಬೇಟೆಯಾಡಿ ಮುಗಿಸಲಿಲ್ಲ. ಕಾಡು ಕಡಿದಿದ್ದೂ ಮುಖ್ಯ ಕಾರಣವಲ್ಲ. ಕೊಂದದ್ದು ದನದ ನೋವಿಗೆ ಕೊಡುತ್ತಿದ್ದ ಒಂದು ಇಂಜೆಕ್ಷನ್. ಒಂದು ಪ್ರಾಣಿಗೆ ಕೊಟ್ಟ ವಸ್ತು ಅದನ್ನು ತಿಂದ ಇನ್ನೊಂದನ್ನು ಕೊಲ್ಲುವ ಈ ಕಥೆ ದೂರದ್ದೇನಲ್ಲ. ಕೊಟ್ಟಿಗೆಯಲ್ಲಿ, ತೆಂಗಿನ ತೋಟದಲ್ಲಿ, ಗೊಬ್ಬರದ ಅಂಗಡಿ ಕಪಾಟಿನಲ್ಲಿ, ಹಳೇ ಬ್ಯಾಟರಿ ಗುಡ್ಡೆಯಲ್ಲಿ ದಿನವೂ ನಡೆಯಬಹುದಾದದ್ದು.

ದನಕ್ಕೆ ಮದ್ದು, ಹದ್ದಿಗೆ ವಿಷ

ಡೈಕ್ಲೋಫೆನಾಕ್ ಹೆಸರು ಕೇಳದವರು ಕಡಿಮೆ. ಮಂಡಿನೋವು, ಸೊಂಟನೋವಿಗೆ ಮನುಷ್ಯರೂ ಬಳಸುವ ಮಾತ್ರೆ ಅದು. 1990ರ ದಶಕದಲ್ಲಿ ಇದೇ ಔಷಧಿ ದನಗಳಿಗೂ ಬಂತು. ಕೆಚ್ಚಲು ಬಾವು, ಜ್ವರ, ಕಾಲು ನೋವು ಯಾವುದಕ್ಕಾದರೂ ಒಂದು ಚುಚ್ಚಿದರೆ ದನ ಬೇಗ ಎದ್ದು ನಿಲ್ಲುತ್ತಿತ್ತು. ಬೆಲೆಯೂ ಕಡಿಮೆ. ಹಾಗಾಗಿ ದೇಶದ ತುಂಬ ಹರಡಿತು.

ದನಕ್ಕೆ ಅದರಿಂದ ತೊಂದರೆ ಇರಲಿಲ್ಲ. ತೊಂದರೆ ಶುರುವಾಗುತ್ತಿದ್ದುದು ದನ ಬದುಕದೇ ಹೋದಾಗ. ಇಂಜೆಕ್ಷನ್ ಕೊಟ್ಟ ಎರಡು ಮೂರು ದಿನದೊಳಗೆ ದನ ಸತ್ತರೆ ಔಷಧಿ ಇನ್ನೂ ಅದರ ಈಲಿ, ಮೂತ್ರಪಿಂಡ, ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹಕ್ಕಿಗಳು ಮೈಯೊಳಗಿನ ಕಸವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ಮೂತ್ರಪಿಂಡ ಕೆಟ್ಟರೆ ಅದು ಹೊರಗೆ ಹೋಗದೆ ಹೃದಯ, ಈಲಿ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂರುತ್ತದೆ. ಹದ್ದು ಕತ್ತು ಜೋತು ಹಾಕಿ ಮರದ ಮೇಲೆ ಕೂತಲ್ಲೇ ಕೂತು, ಎರಡು ಮೂರು ದಿನದಲ್ಲಿ ಕೆಳಗೆ ಬೀಳುತ್ತದೆ.

ಕಾರಣ ಗೊತ್ತಾಗಲು ಬಹಳ ವರ್ಷ ಹಿಡಿಯಿತು. 1990ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ಗೂಡುಗಳು ಖಾಲಿಯಾಗುತ್ತಿರುವುದನ್ನು ಗುರುತಿಸಿದರು. ಯಾವುದೋ ಸಾಂಕ್ರಾಮಿಕ ರೋಗ ಇರಬೇಕು ಎಂದೇ ಮೊದಲು ಅಂದುಕೊಂಡಿದ್ದರು. 2004ರಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ತಂಡ ಕಾರಣ ಡೈಕ್ಲೋಫೆನಾಕ್ ಎಂದು ತೋರಿಸಿತು. ಅಷ್ಟರಲ್ಲಿ ಬಹುಪಾಲು ಮುಗಿದಿತ್ತು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು, ಉದ್ದಕೊಕ್ಕಿನ ರಣಹದ್ದು ಸುಮಾರು ಶೇ. 97ರಷ್ಟು ಕಡಿಮೆಯಾದವು. ಸಾವಿರ ಇದ್ದ ಕಡೆ ಒಂದು ಉಳಿಯಿತು ಅಂದ ಹಾಗೆ.

"ಎಲ್ಲ ದನಕ್ಕೂ ಈ ಇಂಜೆಕ್ಷನ್ ಕೊಟ್ಟಿರಲಿಲ್ವಲ್ಲ, ಮತ್ತೆ ಹೆಂಗೆ ಇಷ್ಟು ಹದ್ದು ಸತ್ತವು?" ಎಂಬ ಪ್ರಶ್ನೆ ಸಹಜ. ಒಂದು ದನದ ಹೆಣಕ್ಕೆ ಒಂದು ಹದ್ದು ಇಳಿಯುವುದಿಲ್ಲ, ಹತ್ತಾರು ಒಟ್ಟಿಗೆ ಇಳಿಯುತ್ತವೆ. ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಹಿಂಡೇ ಕರಗಲು ಅದು ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಜೊತೆಗೆ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಐದು ವರ್ಷ ಬೇಕು. ಕೋಳಿ ಫಾರಂ ಥರ ಒಂದೂವರೆ ತಿಂಗಳಲ್ಲಿ ತುಂಬಿಕೊಳ್ಳುವ ಲೆಕ್ಕ ಇದಲ್ಲ.

ಯಾವ್ಯಾವುದು ನಿಷೇಧ, ಯಾವುದು ಸುರಕ್ಷಿತ

2006ರಲ್ಲಿ ಕೇಂದ್ರ ಸರ್ಕಾರ ದನಕರುಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಆದರೆ ಮನುಷ್ಯರಿಗೆ ಅಂತ ಬರುತ್ತಿದ್ದ ದೊಡ್ಡ ಬಾಟಲಿ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತಲೇ ಇತ್ತು. ಅದನ್ನೇ ದನಕ್ಕೆ ಚುಚ್ಚುವುದು ನಡೆಯಿತು. ಮನುಷ್ಯರಿಗೆ ಒಂದು ಸಲಕ್ಕೆ 3 ಮಿ.ಲೀ. ಸಾಕು, ದನಕ್ಕೆ ಅದರ ಎಷ್ಟೋ ಪಟ್ಟು ಬೇಕು. ಇದನ್ನು ತಡೆಯಲೆಂದೇ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿ.ಲೀ.ಗೆ ಸೀಮಿತಗೊಳಿಸಲಾಯಿತು.

2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಎಂಬ ಇನ್ನೆರಡು ನೋವಿನ ಔಷಧಿಗಳ ಪಶು ಬಳಕೆಯೂ ನಿಷೇಧವಾಯಿತು. ಅಸೆಕ್ಲೋಫೆನಾಕ್ ಹೆಸರು ಬೇರೆಯಾದರೂ ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಆಮೇಲೆ ನಿಮೆಸುಲೈಡ್ ಕೂಡ ಪಶುಗಳಿಗೆ ನಿಷೇಧವಾದ ಪಟ್ಟಿಗೆ ಸೇರಿತು.

ಹಾಗಂತ ದನ ನೋವಿನಲ್ಲಿ ನರಳಲಿ ಅಂತ ಯಾರೂ ಹೇಳಿಲ್ಲ. ಮೆಲಾಕ್ಸಿಕಾಂ ಮತ್ತು ಟೋಲ್ಫೆನಮಿಕ್ ಆಸಿಡ್ ಎಂಬ ಎರಡು ಔಷಧಿಗಳು ರಣಹದ್ದಿಗೆ ಅಪಾಯ ಮಾಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ದನದ ನೋವು, ಬಾವಿಗೆ ಇವು ಕೆಲಸ ಮಾಡುತ್ತವೆ, ಸಿಗುತ್ತವೆ ಕೂಡ.

ರಾಮನಗರದಲ್ಲಿ ಉಳಿದ ಒಂದಿಷ್ಟು

ಬಯಲುಸೀಮೆಯ ಈ ಕಡೆಗೆ ಹತ್ತಿರದಲ್ಲಿ ರಣಹದ್ದು ಉಳಿದಿರುವ ಹೆಸರುವಾಸಿ ಜಾಗ ರಾಮನಗರದ ರಾಮದೇವರ ಬೆಟ್ಟ. 'ಶೋಲೆ' ಸಿನಿಮಾದ ಬಂಡೆಗಳು ಅಂದರೆ ಎಲ್ಲರಿಗೂ ಗೊತ್ತು. ಆ ಬಂಡೆಗಳ ಕಡಿದಾದ ಗೋಡೆಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತವೆ. 2012ರಲ್ಲಿ ರಾಜ್ಯ ಸರ್ಕಾರ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ರಣಹದ್ದಿಗೆಂದೇ ಮೀಸಲಾದ ಮೊದಲ ಧಾಮ ಇದು. ಆದರೂ ಅಲ್ಲಿ ಉದ್ದಕೊಕ್ಕಿನವು ಬೆರಳೆಣಿಕೆಯಷ್ಟೇ.

ಧಾಮಕ್ಕೆ ಬೇಲಿ ಹಾಕಬಹುದು, ಹದ್ದಿಗೆ ಬೇಲಿ ಇಲ್ಲ. ಒಂದು ರಣಹದ್ದು ದಿನಕ್ಕೆ ನೂರಾರು ಕಿಲೋಮೀಟರ್ ಆರಾಮವಾಗಿ ಹಾರುತ್ತದೆ. ಯಾವುದೋ ಊರಿನ ಕೊಟ್ಟಿಗೆಯಲ್ಲಿ ಚುಚ್ಚಿದ ಇಂಜೆಕ್ಷನ್ ಬೆಟ್ಟದ ಮೇಲಿನ ಗೂಡಿಗೆ ತಲುಪಲು ಅಷ್ಟು ಸಾಕು.

ಹದ್ದು ಹೋಯಿತು, ನಾಯಿ ಬಂತು

"ಹದ್ದು ಹೋದ್ರೆ ಹೋಗ್ಲಿ, ನಮಗೇನು ನಷ್ಟ?" ಎಂದು ಕೇಳುವವರಿಗೂ ಉತ್ತರವಿದೆ. ರಣಹದ್ದಿನ ಹೊಟ್ಟೆಯ ಆಮ್ಲ ಕೊಳೆತ ಮಾಂಸದ ಬಹುಪಾಲು ರೋಗಾಣುಗಳನ್ನು ಸುಟ್ಟುಹಾಕುವಷ್ಟು ತೀಕ್ಷ್ಣ. ಅದು ತಿಂದರೆ ರೋಗ ಅಲ್ಲಿಗೇ ನಿಲ್ಲುತ್ತದೆ. ಅವು ಇಲ್ಲದ ಜಾಗಕ್ಕೆ ಬಂದಿದ್ದು ಬೀದಿನಾಯಿ, ಇಲಿ ಹೆಗ್ಗಣ. ನಾಯಿ ಹೆಣ ತಿಂದು ಊರೊಳಗೇ ಬರುತ್ತದೆ. ಹುಚ್ಚುನಾಯಿ ಕಡಿತದ ಭಯ ಅದರ ಬೆನ್ನಿಗೇ ಬರುತ್ತದೆ.

ಇದನ್ನು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಲೆಕ್ಕ ಹಾಕಿದ್ದಾರೆ. ಮೊದಲು ರಣಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. 2000ದಿಂದ 2005ರವರೆಗೆ ರಣಹದ್ದು ಇಲ್ಲವಾದ ಕಾರಣಕ್ಕೆ ದೇಶದಲ್ಲಿ ಹೆಚ್ಚುವರಿಯಾಗಿ ಸುಮಾರು 5 ಲಕ್ಷ ಜನ ಸತ್ತರು ಎಂಬುದು 2024ರಲ್ಲಿ ಪ್ರಕಟವಾದ ಅವರ ಅಂದಾಜು. ಹುಚ್ಚುನಾಯಿ ರೋಗ, ಕೊಳೆತ ಹೆಣದಿಂದ ಕೆಟ್ಟ ನೀರು ಇವೇ ಮುಖ್ಯ ದಾರಿಗಳು.

ಹೊರದೇಶದಲ್ಲಿ ಇದೇ ಕಥೆ, ವಿಷ ಮಾತ್ರ ಸೀಸ

ಅಮೆರಿಕ, ಜಪಾನ್, ಯೂರೋಪಿನಲ್ಲಿ ಹದ್ದು ಗಿಡುಗಗಳನ್ನು ಕೊಲ್ಲುತ್ತಿರುವುದು ಇಂಜೆಕ್ಷನ್ ಅಲ್ಲ, ಸೀಸ. ಅಲ್ಲಿ ಜಿಂಕೆ ಬೇಟೆಗೆ ಅನುಮತಿ ಇದೆ. ಸೀಸದ ಗುಂಡು ಮೈಗೆ ಹೊಕ್ಕಾಗ ರಾಗಿಕಾಳಿಗಿಂತ ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಬಿಟ್ಟು ಹೋದ ಕರುಳು, ಗುಂಡೇಟು ತಿಂದು ತಪ್ಪಿಸಿಕೊಂಡು ಸತ್ತ ಪ್ರಾಣಿ ಹದ್ದಿನ ಪಾಲಾಗುತ್ತವೆ. ರೋಗಾಣು ಸುಡುವ ಅದೇ ಆಮ್ಲ ಸೀಸವನ್ನೂ ಕರಗಿಸಿ ರಕ್ತಕ್ಕೆ ಬಿಡುತ್ತದೆ. ಮೈ ಅದನ್ನು ಸುಣ್ಣದ ಅಂಶ ಎಂದು ತಪ್ಪು ತಿಳಿದು ನರಕ್ಕೂ ಮೂಳೆಗೂ ಸೇರಿಸಿಕೊಳ್ಳುತ್ತದೆ. ರೆಕ್ಕೆ ಜೋಲುತ್ತದೆ, ಹಾರಲಾಗುವುದಿಲ್ಲ, ತಿಂದದ್ದು ಕೆಳಗಿಳಿಯುವುದಿಲ್ಲ. ಎದುರಿಗೆ ಆಹಾರ ಇದ್ದೂ ಹಸಿದು ಸಾಯುತ್ತದೆ.

ಅಮೆರಿಕದ ಕಾಂಡೋರ್ ಎಂಬ ದೊಡ್ಡ ರಣಹದ್ದು 1982ರಲ್ಲಿ ಕೇವಲ 22 ಉಳಿದಿತ್ತು. ಹಿಡಿದು ಸಾಕಿ, ಮರಿ ಮಾಡಿಸಿ ಮತ್ತೆ ಬಿಟ್ಟರೂ ಸೀಸ ಅವನ್ನು ಕೊಲ್ಲುತ್ತಲೇ ಇತ್ತು. ಕೊನೆಗೆ ಕ್ಯಾಲಿಫೋರ್ನಿಯಾ ರಾಜ್ಯ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು. ಅಮೆರಿಕದ 38 ರಾಜ್ಯಗಳ 1,210 ಗಿಡುಗಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತಿರಹತ್ತಿರ ಅರ್ಧದಷ್ಟರ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ ಕಂಡಿತ್ತು. ಇಂಗ್ಲೆಂಡಿನಲ್ಲಿ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಹಂಸಗಳು ಕಲ್ಲೆಂದು ನುಂಗಿ ಸಾಯುತ್ತಿದ್ದವು. 1987ರಲ್ಲಿ ಅಲ್ಲಿ ಆ ಗುಂಡುಗಳಿಗೆ ನಿಷೇಧ ಬಂತು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತಿದೆ, ಹಾಗಾಗಿ ಆ ದಾರಿ ಇಲ್ಲಿ ಕಿರಿದು. ಪೂರ್ತಿ ಮುಚ್ಚಿಲ್ಲ. ಕದ್ದು ಹಂದಿ, ಮೊಲ ಹೊಡೆಯುವ ನಾಡಬಂದೂಕಿಗೆ ತುಂಬುವುದು ಸೀಸದ ಚೂರೇ. ಹುಳಿಯಾರಿಗೆ ಹತ್ತಿರದಲ್ಲೇ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ 2019ರಲ್ಲಿ ಘೋಷಣೆಯಾಗಿದೆ. ಅಲ್ಲಿ ಗುಂಡು ತಿಂದು ಪೊದೆಯಲ್ಲಿ ಸತ್ತ ಪ್ರಾಣಿಯನ್ನು ತಿನ್ನುವ ನರಿ, ಚಿರತೆ, ಹದ್ದಿಗೂ ಆ ಸೀಸ ಸೇರುತ್ತದೆ. ಆ ಮಾಂಸವನ್ನು ಮನೆಗೆ ಒಯ್ದವರ ಮಕ್ಕಳ ತಟ್ಟೆಗೂ ಸೇರುತ್ತದೆ. ಮಕ್ಕಳ ಮೈಗೆ ಇಷ್ಟು ಸೀಸ ಹೋದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಊರೊಳಗಿನ ದೊಡ್ಡ ಸೀಸದ ಮೂಲ ಮಾತ್ರ ಬಂದೂಕಲ್ಲ, ಬ್ಯಾಟರಿ. ಯುಪಿಎಸ್, ಟ್ರ್ಯಾಕ್ಟರ್, ಲಾರಿ, ಆಟೋ ಬ್ಯಾಟರಿ ಎಲ್ಲದರ ಒಳಗೂ ಸೀಸದ ತಟ್ಟೆಗಳಿವೆ. ಗುಜರಿಗೆ ಹಾಕುವ ಮುಂಚೆ ಒಡೆದು ಆಮ್ಲವನ್ನು ಚರಂಡಿಗೆ ಸುರಿದರೆ ಅದರ ಜೊತೆ ಸೀಸವೂ ಮಣ್ಣು ಸೇರುತ್ತದೆ. ಒಡೆದ ಬ್ಯಾಟರಿ ನೆಕ್ಕುವ ಚಟ ದನಗಳಿಗಿದೆ. ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಸುತ್ತು ಹಾಕಿ ಬೀಳುವುದು ದನಗಳಲ್ಲಿ ಸೀಸದ ವಿಷದ ಲಕ್ಷಣ. ಆ ದನ ಸತ್ತರೆ ಮತ್ತೆ ಅದೇ ಸರಪಳಿ.

ಜಿಲ್ಲೆಯಲ್ಲೇ ನಡೆದದ್ದು

2025ರ ಆಗಸ್ಟ್‌ನಲ್ಲಿ ಮಧುಗಿರಿ ತಾಲ್ಲೂಕಿನ ಹನುಮಂತಪುರದ ಬಳಿ 20 ನವಿಲುಗಳು ಸತ್ತು ಬಿದ್ದಿದ್ದವು. ವಿಷದ ಶಂಕೆಯ ಮೇಲೆ ಅರಣ್ಯ ಇಲಾಖೆ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿತು. ಅದಕ್ಕೂ ಮುಂಚೆ, ಜೂನ್ 26ರಂದು, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತಿದ್ದವು. ಹುಲಿ ಕೊಂದ ಹಸುವಿನ ಹೆಣಕ್ಕೆ ವಿಷ ಹಾಕಿದ್ದೇ ಕಾರಣವಾಗಿತ್ತು. ಹಸು ಕಳೆದುಕೊಂಡವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಹೆಣಕ್ಕೆ ಹಾಕಿದ ವಿಷ ಯಾರು ತಿನ್ನಬೇಕು ಅಂತ ಆರಿಸುವುದಿಲ್ಲ. ಹುಲಿ ತಿಂದ ಹಾಗೇ ನರಿ, ಹದ್ದು, ಕಾಗೆ, ಊರ ನಾಯಿ ಕೂಡ ತಿನ್ನುತ್ತವೆ.

ನವಿಲಿನ ಕಾಟವೂ ಸುಳ್ಳಲ್ಲ. ಬಿತ್ತಿದ ಕಡಲೆಕಾಯಿ, ಜೋಳ ಕೆದಕಿ ತಿಂದರೆ ರೈತನಿಗೆ ಎರಡನೇ ಸಲ ಬೀಜದ ಖರ್ಚು. ಕೀಟನಾಶಕ ಬೆರೆಸಿದ ಕಾಳು ಬದುವಿನ ಮೇಲೆ ಚೆಲ್ಲಿದರೆ ಮಾತ್ರ ನವಿಲು ಒಂದೇ ಸಾಯುವುದಿಲ್ಲ. ಗೌಜಲಹಕ್ಕಿ, ಪಾರಿವಾಳ, ಮನೆ ಕೋಳಿ ಎಲ್ಲ ಸಾಯುತ್ತವೆ. ನವಿಲು ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂ. ದಂಡ. ಹೊಲದ ಸುತ್ತ ಹಳೇ ಸೀರೆ ಕಟ್ಟುವುದು, ಮಿಂಚುವ ಪಟ್ಟಿ ಎಳೆಯುವುದು, ಬಿತ್ತಿದ ಮೊದಲ ವಾರ ಬೆಳಿಗ್ಗೆ ಸಂಜೆ ಕಾವಲು ಇರುವುದು ಕಷ್ಟದ ಕೆಲಸವೇ ಆದರೂ ಜೈಲಿಗಿಂತ ಹಗುರ.

ತೆಂಗಿನ ತೋಟದ ಇಲಿ, ತೋಟದ ಗೂಬೆ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆ ದಿನನಿತ್ಯದ ಪ್ರಶ್ನೆ ಇದು. ಇಲಿ ಮರ ಹತ್ತಿ ಎಳೆ ಕಾಯಿ ಕೊರೆದು ಉದುರಿಸುತ್ತದೆ. ಕೊಬ್ಬರಿ ಅಟ್ಟಕ್ಕೂ ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಲಿಪಾಷಾಣದಲ್ಲಿ ಮುಖ್ಯವಾಗಿ ಎರಡು ಬಗೆ. ಜಿಂಕ್ ಫಾಸ್ಫೈಡ್ ತಿಂದ ಇಲಿ ಬೇಗ ಸಾಯುತ್ತದೆ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯದೆ ರಕ್ತ ಹೆಪ್ಪುಗಟ್ಟದೆ ಕೆಲವು ದಿನ ಬಿಟ್ಟು ಸಾಯುತ್ತದೆ. ಆ ಕೆಲವು ದಿನ ಅದು ತೂಕಡಿಸುತ್ತ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಇಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ವಿಷ ಇಲಿಯ ಈಲಿಯಿಂದ ಗೂಬೆಯ ಈಲಿಗೆ ಹೋಗಿ ಅಲ್ಲೇ ಸೇರಿಕೊಳ್ಳುತ್ತ ಹೋಗುತ್ತದೆ. ಸತ್ತ ಇಲಿ ತಿಂದ ಮನೆ ಬೆಕ್ಕಿಗೂ ಇದೇ ಗತಿ.

ಕಣಜಗೂಬೆ ರಾತ್ರಿಗೆ ಎರಡು ಮೂರು ಇಲಿ ಹಿಡಿಯುತ್ತದೆ, ಮರಿ ಇದ್ದಾಗ ಇನ್ನೂ ಹೆಚ್ಚು. ಕೂಲಿ ಕೇಳದ ಕಾವಲುಗಾರ ಅದು. ಅಪಶಕುನ ಎಂದು ಅದಕ್ಕೆ ಕಲ್ಲು ಹೊಡೆದು, ಇಲಿಗೆ ವಿಷ ಇಟ್ಟು ಅದನ್ನೂ ಸಾಯಿಸಿದರೆ ಮುಂದಿನ ವರ್ಷ ಪಾಷಾಣಕ್ಕೆ ಇನ್ನಷ್ಟು ಖರ್ಚು. ವಿಷವಿಲ್ಲದ ಒಂದು ಉಪಾಯ ತೆಂಗು ಬೆಳೆಗಾರರಿಗೆ ಹಳೆಯದೇ. ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂ.ಮೀ. ಅಗಲದ ನುಣುಪು ತಗಡು ಸುತ್ತಿದರೆ ಇಲಿಯ ಉಗುರು ಜಾರುತ್ತದೆ. ಗರಿಗೆ ಗರಿ ತಾಗದ, ಅಂತರವಿರುವ ತೋಟದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಯಾರು ಏನು ಮಾಡಬಹುದು

ದನ ಸಾಕಿದವರು: ನೋವಿನ ಇಂಜೆಕ್ಷನ್ ಕೊಡಿಸುವಾಗ "ಮೆಲಾಕ್ಸಿಕಾಂ ಆಗುತ್ತಾ ಸಾರ್?" ಎಂದು ಪಶುವೈದ್ಯರನ್ನು ಕೇಳಿದರೆ ಸಾಕು. ಮನುಷ್ಯರ ಇಂಜೆಕ್ಷನ್ ತಂದು ಚುಚ್ಚಿಸುವುದು ಬೇಡ. ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು. ಚಿಕಿತ್ಸೆ ನಡೆಯುತ್ತಿರುವಾಗಲೇ ಸತ್ತ ದನ, ವಿಷದಿಂದ ಸತ್ತ ದನವನ್ನು ಬಯಲಿಗೆ ಎಳೆಯದೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ಔಷಧಿ ಅಂಗಡಿಯವರು: ಒಬ್ಬರೇ ಹತ್ತಾರು ಡೈಕ್ಲೋಫೆನಾಕ್ ಇಂಜೆಕ್ಷನ್ ಕೇಳಿದರೆ ಯಾರಿಗೆ ಎಂದು ವಿಚಾರಿಸುವುದು ಒಳ್ಳೆಯದು. ಚೀಟಿ ಇಲ್ಲದೆ ಕೊಡುವಂತಿಲ್ಲ.

ಗೊಬ್ಬರ, ಕೀಟನಾಶಕ ಅಂಗಡಿಯವರು: ಇಲಿಪಾಷಾಣ ಕೊಡುವಾಗ ಎರಡು ಮಾತು ಸೇರಿಸಬಹುದು. ಬಿಲ್ಲೆಯನ್ನು ಬಯಲಲ್ಲಿ ಚೆಲ್ಲದೆ ಬಿಲದೊಳಗೆ ಅಥವಾ ಮರದ ಸುಳಿಯಲ್ಲಿ ಇಡಬೇಕು. ದಿನಾ ಬೆಳಿಗ್ಗೆ ಸತ್ತ ಇಲಿ ಆರಿಸಿ ಹೂಳಬೇಕು.

ಬ್ಯಾಟರಿ, ಗುಜರಿ ಅಂಗಡಿಯವರು: 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಹೋಗಬೇಕಾದ್ದು ನೋಂದಾಯಿತ ಮರುಬಳಕೆ ಘಟಕಕ್ಕೆ. ಒಡೆಯದೆ, ಆಮ್ಲ ಚೆಲ್ಲದೆ, ದನ ಮೇಕೆ ಬಾಯಿಗೆ ಸಿಗದ ಹಾಗೆ ಇಟ್ಟರೆ ಅರ್ಧ ಕೆಲಸ ಆಯಿತು.

ಬೋರನಕಣಿವೆ, ಕೆರೆಗಳಲ್ಲಿ ಮೀನು ಹಿಡಿಯುವವರು: ಹರಿದ ಬಲೆಯನ್ನು ಸೀಸದ ಗುಂಡುಗಳ ಸಮೇತ ದಡದಲ್ಲಿ ಬಿಡಬಾರದು. ನೀರುಹಕ್ಕಿಗಳು ಮೇವು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಅವಕ್ಕೆ ಕಲ್ಲಿಗೂ ಸೀಸಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದೇ ಕಡೆ ಹಲವು ಹಕ್ಕಿ, ಪ್ರಾಣಿ ಸತ್ತಿದ್ದು ಕಂಡರೆ ಕೈಯಲ್ಲಿ ಮುಟ್ಟದೆ, ನಾಯಿಗಳನ್ನು ದೂರ ಇಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಹಳೆಯ ರಣಹದ್ದು ಹಿಂಡು ನಾಳೆಯೇ ಹುಳಿಯಾರಿನ ಮೇಲೆ ಸುತ್ತುವುದಿಲ್ಲ. ಅವು ತೀರಿಹೋದದ್ದು ಹದಿನೈದು ವರ್ಷದಲ್ಲಿ, ತುಂಬಿಕೊಳ್ಳಲು ಅದರ ಹಲವು ಪಟ್ಟು ಬೇಕು. ಆದರೆ ತೋಟದ ಗೂಬೆ, ಕೆರೆಯ ಗರುಡ, ಬದುವಿನ ನವಿಲು ಇನ್ನೂ ಇವೆ. ರಣಹದ್ದಿನ ವಿಷಯದಲ್ಲಿ ಕಾರಣ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಇವುಗಳ ವಿಷಯದಲ್ಲಿ ಕಾರಣ ಈಗಲೇ ಗೊತ್ತಿದೆ.